ಬೋಲ್ಟನ್‌ಗೆ ಕೌನ್ಸಿಲ್ ಇದ್ದಮೇಲೆ ಮ್ಯಾಂಚೆಸ್ಟರ್ ಮೇಯರ್‌ಗೆ ಯಾಕೆ ದುಡ್ಡು ಕೊಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ದಾವಣಗೆರೆ ಕಡೆಯವರು, ಎರಡು ವರ್ಷದಿಂದ ಇಂಗ್ಲೆಂಡಿನ ಬೋಲ್ಟನ್‌ನಲ್ಲಿದ್ದೇವೆ. ಕೌನ್ಸಿಲ್ ಟ್ಯಾಕ್ಸ್ (ಊರಿನ ಆಡಳಿತಕ್ಕೆ ಮನೆಯವರು ಕಟ್ಟುವ ತೆರಿಗೆ) ಬಿಲ್ಲಿನಲ್ಲಿ ಬೋಲ್ಟನ್ ಕೌನ್ಸಿಲ್‌ದು ಬಿಟ್ಟು ಮೇಯರ್ ಹೆಸರಲ್ಲಿ ಎರಡು ಸಾಲು ಬೇರೆ ಇವೆ. ಹತ್ತು ಕೌನ್ಸಿಲ್‌ಗಳು ಸೇರಿಕೊಂಡು ಲಂಡನ್‌ನಿಂದ ಅಧಿಕಾರ ತಂದವು, ಅದಕ್ಕೇ ಈ ಮೇಯರ್ ಅಂತ ಪಕ್ಕದ ಮನೆಯವರು ಹೇಳಿದರು. ಸೇರಿದರೆ ಅಧಿಕಾರ ಕೊಟ್ಟುಬಿಡ್ತಾರಾ? ಬೋಲ್ಟನ್ ಕೌನ್ಸಿಲ್ ಕಥೆ ಏನು? ನಮ್ಮೂರಿನಲ್ಲಿ ಹೀಗೆ ಯಾಕೆ ಆಗಲ್ಲ?

ಉತ್ತರ: ಆ ಬಿಲ್ಲನ್ನು ಇನ್ನೊಂದು ಸಲ ಕೈಗೆ ತಗೊಳ್ಳಿ, ಅಲ್ಲಿಂದಲೇ ಶುರು ಮಾಡೋಣ. ಬಿಲ್ ಕಳಿಸುವುದು, ದುಡ್ಡು ವಸೂಲಿ ಮಾಡುವುದು ಬೋಲ್ಟನ್ ಕೌನ್ಸಿಲ್. ಅದರಲ್ಲಿ ದೊಡ್ಡ ಪಾಲು ಕೌನ್ಸಿಲ್‌ಗೇ ಉಳಿಯುತ್ತದೆ. ಕಸ, ಲೈಬ್ರರಿ, ನಿಮ್ಮ ಬೀದಿಯ ರಸ್ತೆ, ಮನೆ ಕಟ್ಟಲು ಅನುಮತಿ, ಶಾಲೆಗೆ ಮಕ್ಕಳ ಸೇರ್ಪಡೆ, ವಯಸ್ಸಾದವರ ಆರೈಕೆ ಎಲ್ಲ ಅದರದ್ದೇ ಕೆಲಸ. ಮೇಯರ್ ಹೆಸರಿನ ಎರಡು ಸಾಲಿನಲ್ಲಿ ಒಂದು ಪೊಲೀಸ್‌ಗೆ. ಇನ್ನೊಂದು ಅಗ್ನಿಶಾಮಕ ದಳ ಮತ್ತು ಮೇಯರ್‌ರ ಉಳಿದ ಕೆಲಸಗಳಿಗೆ. ಆ ಎರಡು ಮೊತ್ತವನ್ನು ಬೋಲ್ಟನ್ ಕೌನ್ಸಿಲ್ ನಿಮ್ಮಿಂದ ತೆಗೆದುಕೊಂಡು ಅತ್ತ ದಾಟಿಸುತ್ತದೆ. ಅಂದರೆ ನಿಮ್ಮ ಕೌನ್ಸಿಲ್ ಎಲ್ಲೂ ಹೋಗಿಲ್ಲ. ಒಂದೇ ಊರಿಗೆ ಸೀಮಿತವಾಗದ ಕೆಲಸಗಳನ್ನು ಮಾತ್ರ ಹತ್ತು ಕೌನ್ಸಿಲ್‌ಗಳೂ ಒಟ್ಟಿಗೆ ನೋಡಿಕೊಳ್ಳುತ್ತವೆ. ಆ ಒಟ್ಟು ಸಂಸ್ಥೆಯ ಹೆಸರು ಗ್ರೇಟರ್ ಮ್ಯಾಂಚೆಸ್ಟರ್ ಕಂಬೈನ್ಡ್ ಅಥಾರಿಟಿ.

ಹತ್ತು ಯಾವುವು ಅಂದರೆ ಮ್ಯಾಂಚೆಸ್ಟರ್, ಸಾಲ್ಫರ್ಡ್, ಬೋಲ್ಟನ್, ಬರಿ, ರಾಚ್‌ಡೇಲ್, ಓಲ್ಡಮ್, ಟೇಮ್‌ಸೈಡ್, ಸ್ಟಾಕ್‌ಪೋರ್ಟ್, ಟ್ರಾಫರ್ಡ್, ವಿಗನ್. 28 ಲಕ್ಷಕ್ಕೂ ಜಾಸ್ತಿ ಜನ.

ಸೇರಿದರೆ ಅಧಿಕಾರ ಸಿಗುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಬರೀ ಸೇರಿದರೆ ಸಿಗುವುದಿಲ್ಲ. ಈ ಹತ್ತು ಕೌನ್ಸಿಲ್‌ಗಳು ಸೇರಿ ಕೆಲಸ ಮಾಡುವುದನ್ನು ಕಲಿತು ಕಾಲು ಶತಮಾನ ಆದಮೇಲೆ ಅಧಿಕಾರ ಬಂತು. ಈ ಕಾಲು ಶತಮಾನದ ಕಥೆ ಯಾರೂ ಸರಿಯಾಗಿ ಹೇಳುವುದಿಲ್ಲ. 2014ರಲ್ಲಿ ಲಂಡನ್ ಜೊತೆ ಆದ ಒಪ್ಪಂದದಿಂದಲೇ ಎಲ್ಲ ಶುರುವಾಯಿತು ಅನ್ನೋ ಹಾಗೆ ಮಾತಾಡುತ್ತಾರೆ. ಅದು ನನಗೆ ಬೇಜಾರಿನ ವಿಷಯ.

ಮೊದಲು ಇಂಗ್ಲೆಂಡ್ ಎಷ್ಟು ವಿಚಿತ್ರ ಅಂತ ಗೊತ್ತಿರಬೇಕು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಅವರದೇ ಶಾಸನಸಭೆ ಇವೆ. ಇಂಗ್ಲೆಂಡಿಗೆ ಇಲ್ಲ. ನಮ್ಮಲ್ಲಿ ದಿಲ್ಲಿಗೂ ದಾವಣಗೆರೆಗೂ ನಡುವೆ ವಿಧಾನಸೌಧ ಇದೆಯಲ್ಲ, ಆ ಥರದ್ದು ಲಂಡನ್‌ಗೂ ಬೋಲ್ಟನ್‌ಗೂ ನಡುವೆ ಏನೂ ಇಲ್ಲ. ಐದು ಕೋಟಿಗೂ ಹೆಚ್ಚು ಜನರನ್ನು ಲಂಡನ್ ನೇರವಾಗಿ ಆಳುತ್ತದೆ. ಕೌನ್ಸಿಲ್‌ಗಳಿಗೆ ಸಂವಿಧಾನದ ರಕ್ಷಣೆಯೂ ಇಲ್ಲ. ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿ ಹುಟ್ಟಿಸಬಹುದು, ಇನ್ನೊಂದು ಕಾಯ್ದೆ ಮಾಡಿ ಅಳಿಸಬಹುದು.

ಅಳಿಸಿಯೂ ಇದ್ದಾರೆ. 1974ರಲ್ಲಿ ಈ ಹತ್ತು ಊರುಗಳ ಮೇಲೆ ಗ್ರೇಟರ್ ಮ್ಯಾಂಚೆಸ್ಟರ್ ಕೌಂಟಿ ಕೌನ್ಸಿಲ್ ಅಂತ ಒಂದು ದೊಡ್ಡ ಕೌನ್ಸಿಲ್ ಬಂದಿತ್ತು. 1986ರಲ್ಲಿ ಮಾರ್ಗರೇಟ್ ಥ್ಯಾಚರ್ ಸರ್ಕಾರ ಅದನ್ನು ರದ್ದು ಮಾಡಿತು. ಲಂಡನ್ ಮತ್ತು ಬೇರೆ ದೊಡ್ಡ ನಗರಗಳ ಮೇಲಿದ್ದ ಕೌನ್ಸಿಲ್‌ಗಳೂ ಆಗಲೇ ಹೋದವು. ಕೆಳಗಿನ ಹತ್ತು ಕೌನ್ಸಿಲ್ ಉಳಿದವು, ಮೇಲೆ ಯಾರೂ ಇಲ್ಲ. ಬೇರೆ ಕಡೆ ಇಂಥ ಹೊತ್ತಿನಲ್ಲಿ ಅವರವರ ಊರು ಅವರವರಿಗೆ ಅಂತ ಹರಿದು ಹಂಚಿಹೋದರು. ಇಲ್ಲಿ ಹಾಗಾಗಲಿಲ್ಲ. ಹತ್ತೂ ಕೌನ್ಸಿಲ್‌ಗಳು ತಾವಾಗೇ ಒಂದು ಸಂಘ ಕಟ್ಟಿಕೊಂಡವು. ಕಾನೂನಿನ ಒತ್ತಾಯ ಇರಲಿಲ್ಲ, ಲಂಡನ್‌ನಿಂದ ಬಹುಮಾನವೂ ಇರಲಿಲ್ಲ.

ಅವರನ್ನು ಕಟ್ಟಿಹಾಕಿದ್ದರಲ್ಲಿ ಒಂದು ಮುಖ್ಯವಾದದ್ದು ವಿಮಾನ ನಿಲ್ದಾಣ. ನೀವು ಊರಿಗೆ ಹೋಗಲು ಹತ್ತುವ ಮ್ಯಾಂಚೆಸ್ಟರ್ ಏರ್‌ಪೋರ್ಟ್ ಇದೆಯಲ್ಲ, ಅದರ ಒಡೆತನ ಹತ್ತೂ ಕೌನ್ಸಿಲ್‌ಗಳದ್ದಾಗಿತ್ತು. ಈಗಲೂ ಅದನ್ನು ನಡೆಸುವ ಕಂಪನಿಯಲ್ಲಿ ಹೆಚ್ಚಿನ ಪಾಲು ಈ ಹತ್ತು ಕೌನ್ಸಿಲ್‌ಗಳದ್ದೇ. ನಿಲ್ದಾಣ ಇರುವುದು ಮ್ಯಾಂಚೆಸ್ಟರ್ ಅಂಚಿನಲ್ಲಿ. ಆದರೆ ಲಾಭ ಬಂದಾಗ ಬೋಲ್ಟನ್‌ಗೂ ಪಾಲು, ರಾಚ್‌ಡೇಲ್‌ಗೂ ಪಾಲು. ಅದನ್ನು ಮಾರಿ ದುಡ್ಡು ಹಂಚಿಕೊಳ್ಳೋಣ ಅಂತ ಅವರು ಹೋಗಲಿಲ್ಲ. ಪಾಲುದಾರಿಕೆಯಲ್ಲಿ ಆಸ್ತಿ ಇಟ್ಟುಕೊಂಡವರು ಜಗಳ ಆಡಿದರೂ ಮಾರನೇ ದಿನ ಒಂದೇ ಮೇಜಿಗೆ ಬರಲೇಬೇಕು, ಅಲ್ವಾ? ಇದು ಅವರನ್ನು ಇಪ್ಪತ್ತೈದು ವರ್ಷ ಮೇಜಿಗೆ ಕರೆತಂದಿತು. 1992ರಲ್ಲಿ ಟ್ರಾಮ್ ಶುರುವಾಯಿತು. ಅದರ ಹಳಿ ಒಂದು ಕೌನ್ಸಿಲ್‌ನ ಗಡಿ ದಾಟಿ ಇನ್ನೊಂದಕ್ಕೆ ಹೋದಷ್ಟೂ ಸೇರಿ ಕೂರುವ ಕೆಲಸ ಜಾಸ್ತಿಯಾಯಿತು.

ಸೋಲೂ ಕಂಡಿದ್ದಾರೆ. 2008ರಲ್ಲಿ ಕಾರುಗಳಿಗೆ ದಟ್ಟಣೆ ಶುಲ್ಕ ಹಾಕಿ, ಅದರ ಜೊತೆ ಲಂಡನ್ ಕೊಡುವ ದುಡ್ಡನ್ನೂ ಸೇರಿಸಿ, ಸಾರಿಗೆ ಸರಿಮಾಡೋಣ ಅಂತ ಜನಮತ ಕೇಳಿದರು. ಹತ್ತೂ ಊರಿನವರು ಬೇಡ ಅಂದರು. ನೂರರಲ್ಲಿ 79 ಮಂದಿ ಬೇಡ ಅಂದರು. ಅಷ್ಟು ದೊಡ್ಡ ಪೆಟ್ಟು ತಿಂದಮೇಲೆ ಸಂಘ ಒಡೆಯಬೇಕಿತ್ತು. ಒಡೆಯಲಿಲ್ಲ. ಕೌನ್ಸಿಲ್‌ಗಳು ತಮ್ಮತಮ್ಮ ದುಡ್ಡನ್ನೂ ಸಾಲವನ್ನೂ ಹಾಕಿ ಟ್ರಾಮ್ ಹಳಿ ಮುಂದುವರಿಸಿದವು. ನನಗೆ ಇವರ ಮೇಲೆ ಗೌರವ ಬಂದದ್ದು ಅಲ್ಲಿ.

2009ರಲ್ಲಿ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿತು. ಅಕ್ಕಪಕ್ಕದ ಕೌನ್ಸಿಲ್‌ಗಳು ಬೇಕಾದರೆ ಕಾನೂನಿನ ಪ್ರಕಾರ ಒಂದು ಒಟ್ಟು ಸಂಸ್ಥೆ ಆಗಬಹುದು ಅಂತ. ಇಂಗ್ಲೆಂಡಿನಲ್ಲಿ ಹಾಗೆ ಆದ ಮೊದಲನೆಯದು ಗ್ರೇಟರ್ ಮ್ಯಾಂಚೆಸ್ಟರ್, 2011ರ ಏಪ್ರಿಲ್ 1ರಂದು. ಹತ್ತು ಕೌನ್ಸಿಲ್‌ಗಳ ನಾಯಕರು ಹತ್ತು ಸದಸ್ಯರು. ದೊಡ್ಡ ಮ್ಯಾಂಚೆಸ್ಟರ್‌ಗೂ ಒಂದೇ ಓಟು, ಚಿಕ್ಕ ಬರಿಗೂ ಒಂದೇ ಓಟು. ಇದು ಸಣ್ಣ ಮಾತಲ್ಲ. ದೊಡ್ಡವರು ಸಮಾನವಾಗಿ ಕೂರಲು ಒಪ್ಪದಿದ್ದರೆ ಸಣ್ಣವರು ಯಾವತ್ತೂ ನಂಬುವುದಿಲ್ಲ.

ಆಮೇಲೆ ಚೌಕಾಶಿ. 2014ರ ನವೆಂಬರ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಜಾರ್ಜ್ ಓಸ್ಬೋರ್ನ್ ಮತ್ತು ಹತ್ತು ನಾಯಕರ ನಡುವೆ ಒಪ್ಪಂದ ಆಯಿತು. ಓಸ್ಬೋರ್ನ್ ಕನ್ಸರ್ವೇಟಿವ್ ಪಕ್ಷದವರು. ಕೌನ್ಸಿಲ್‌ಗಳಲ್ಲಿ ಹೆಚ್ಚಿನವು ಎದುರಾಳಿ ಲೇಬರ್ ಪಕ್ಷದವು. ಈ ಕಡೆಯಿಂದ ಮುಂದೆ ನಿಂತು ಮಾತಾಡಿದವರು ಮ್ಯಾಂಚೆಸ್ಟರ್ ಕೌನ್ಸಿಲ್ ನಾಯಕ ರಿಚರ್ಡ್ ಲೀಸ್ ಮತ್ತು ಅಲ್ಲಿನ ಮುಖ್ಯ ಅಧಿಕಾರಿ ಹೋವರ್ಡ್ ಬರ್ನ್‌ಸ್ಟೀನ್. ಲಂಡನ್ ಕೊಟ್ಟದ್ದು ಸಾರಿಗೆ ಹಣದ ಮೇಲೆ ಹಿಡಿತ, ಮನೆ ಕಟ್ಟಿಸಲು 30 ಕೋಟಿ ಪೌಂಡಿನ ಸಾಲನಿಧಿ, ಕೌಶಲ ತರಬೇತಿಯಲ್ಲಿ ಪಾತ್ರ, ಜೊತೆಗೆ ಹೂಡಿಕೆಗೆ ಅಂತ ವರ್ಷಕ್ಕೆ 3 ಕೋಟಿಯಂತೆ 30 ವರ್ಷಕ್ಕೆ 90 ಕೋಟಿ ಪೌಂಡ್. ಲಂಡನ್ ಕೇಳಿದ್ದು ಒಂದೇ: ಎಲ್ಲರಿಗೂ ಸೇರಿ ಜನರಿಂದ ನೇರ ಆಯ್ಕೆಯಾದ ಒಬ್ಬ ಮೇಯರ್ ಇರಬೇಕು. ತಪ್ಪಾದರೆ ಕೇಳಲು ಒಂದು ಮುಖ ಬೇಕು ಅನ್ನುವುದು ಅವರ ವಾದ.

ಇಲ್ಲಿ ಒಂದು ತಪ್ಪು ಆಯಿತು ಅಂತ ನಾನು ನೇರವಾಗಿ ಹೇಳುತ್ತೇನೆ. 2012ರಲ್ಲಿ ಮ್ಯಾಂಚೆಸ್ಟರ್ ನಗರದ ಜನ ನಮ್ಮ ನಗರಕ್ಕೆ ನೇರ ಆಯ್ಕೆಯ ಮೇಯರ್ ಬೇಡ ಅಂತ ಓಟು ಹಾಕಿದ್ದರು. ಎರಡೇ ವರ್ಷದಲ್ಲಿ ಅದಕ್ಕಿಂತ ದೊಡ್ಡ ಮೇಯರ್‌ಗೆ ನಾಯಕರು ಸಹಿ ಹಾಕಿ ಬಂದರು, ಜನರನ್ನು ಕೇಳಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಆದ ಒಪ್ಪಂದ ಅದು. ಫಲ ಒಳ್ಳೆಯದೇ ಬಂದಿರಬಹುದು. ಆದರೆ ಇವತ್ತಿಗೂ ಮೇಯರ್ ಎಲೆಕ್ಷನ್‌ಗೆ ಮೂವರಲ್ಲಿ ಒಬ್ಬರಷ್ಟೇ ಓಟು ಹಾಕುವುದಕ್ಕೂ, ನಿಮ್ಮಂಥವರು ಬಿಲ್ ನೋಡಿ "ಇವರು ಯಾರು" ಅಂತ ಕೇಳುವುದಕ್ಕೂ ಅಲ್ಲೇ ಬೇರು ಇದೆ ಅನ್ನುವುದು ನನ್ನ ಅಭಿಪ್ರಾಯ.

2017ರ ಮೇನಲ್ಲಿ ಮೊದಲ ಎಲೆಕ್ಷನ್ ನಡೆಯಿತು. ಆಂಡಿ ಬರ್ನಮ್ ಗೆದ್ದರು. 2021ರಲ್ಲಿ, 2024ರಲ್ಲಿ ಮತ್ತೆ ಗೆದ್ದರು.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಎರಡು ಸಾಲಿನ ದುಡ್ಡು ಏನಾಗುತ್ತದೆ ಅಂತ ಕಣ್ಣಿಗೆ ಕಾಣುವುದು ಅಲ್ಲೇ. ನಾನು ಓದಲು ಮ್ಯಾಂಚೆಸ್ಟರ್‌ನಲ್ಲಿದ್ದಾಗ ಆಕ್ಸ್‌ಫರ್ಡ್ ರೋಡ್‌ನಲ್ಲಿ ದಿನಾ ಬಸ್ ಹತ್ತುತ್ತಿದ್ದೆ. ಒಂದರ ಹಿಂದೆ ಒಂದು ಬಸ್, ಒಂದೊಂದು ಒಂದೊಂದು ಬಣ್ಣ, ಒಂದೊಂದು ಕಂಪನಿ. ಬೆಳಿಗ್ಗೆ ಒಂದು ಕಂಪನಿಯ ದಿನದ ಟಿಕೆಟ್ ತಗೊಂಡರೆ ಸಂಜೆ ಮಳೆಯಲ್ಲಿ ನಿಂತು ಬೇರೆ ಕಂಪನಿಯ ಮೂರು ಬಸ್ ಬಿಡಬೇಕು, ನಮ್ಮ ಕಂಪನಿಯದ್ದು ಬರುವವರೆಗೆ. ಡ್ರೈವರ್ ಟಿಕೆಟ್ ನೋಡಿ ತಲೆ ಅಲ್ಲಾಡಿಸುವರು. ಆದಾಯ ಬರುವ ರಸ್ತೆಯಲ್ಲಿ ಬಸ್ಸೋ ಬಸ್ಸು. ಅದೇ ಊರಂಚಿನ ಬಡಾವಣೆಗಳಲ್ಲಿ ಭಾನುವಾರ ಒಂದೂ ಇರುತ್ತಿರಲಿಲ್ಲ.

ಇದಕ್ಕೆ ಕಾರಣ ಮತ್ತೆ ಅದೇ 1986. ಆ ವರ್ಷ ಅಕ್ಟೋಬರ್‌ನಿಂದ ಲಂಡನ್ ಬಿಟ್ಟು ಉಳಿದ ಇಂಗ್ಲೆಂಡಿನಲ್ಲಿ ಯಾವ ಕಂಪನಿ ಬೇಕಾದರೂ ಯಾವ ರೂಟಿನಲ್ಲಿ ಬೇಕಾದರೂ ತನ್ನದೇ ದರಕ್ಕೆ ಬಸ್ ಓಡಿಸಬಹುದು ಅಂತಾಯಿತು. ದಾವಣಗೆರೆ ಕಡೆ ಖಾಸಗಿ ಬಸ್‌ನಲ್ಲಿ ಓಡಾಡಿದ ನಿಮಗೆ ಇದು ಅಷ್ಟೇನೂ ಹೊಸದಲ್ಲ ಅನ್ನಿಸಬಹುದು. ಆದರೆ ನಮ್ಮಲ್ಲಿ ಖಾಸಗಿ ಬಸ್ಸಿಗೂ ಪರ್ಮಿಟ್ ಬೇಕು, ರೂಟು ಟೈಮು ಅದರಲ್ಲೇ ಬರೆದಿರುತ್ತದೆ, ದರ ಸರ್ಕಾರ ನಿಗದಿ ಮಾಡುತ್ತದೆ. ಇಲ್ಲಿ ಅದೂ ಇರಲಿಲ್ಲ. ಕಂಪನಿಗೆ ಲಾಭ ಇಲ್ಲ ಅನ್ನಿಸಿದರೆ ಮುಂಚಿತವಾಗಿ ಒಂದು ನೋಟಿಸ್ ಕೊಟ್ಟು ಬಸ್ ನಿಲ್ಲಿಸಿಬಿಡಬಹುದಿತ್ತು. ಕೌನ್ಸಿಲ್‌ಗೆ ಆ ಬಸ್ ಬೇಕೇಬೇಕು ಅಂದರೆ ಜೇಬಿನಿಂದ ದುಡ್ಡು ಕೊಟ್ಟು ಓಡಿಸಿಕೊಳ್ಳಬೇಕಿತ್ತು.

ಬೋಲ್ಟನ್ ಒಂದೇ ಇದನ್ನು ಸರಿಮಾಡಲು ಆಗುತ್ತಿರಲಿಲ್ಲ. ನಿಮ್ಮ ಮನೆ ಹತ್ತಿರ ಹೊರಟ ಬಸ್ ಸಾಲ್ಫರ್ಡ್ ದಾಟಿ ಮ್ಯಾಂಚೆಸ್ಟರ್ ಮುಟ್ಟುತ್ತದೆ. ಮೂರು ಕೌನ್ಸಿಲ್‌ಗಳ ನೆಲ. 2017ರ ಬಸ್ ಕಾಯ್ದೆ ಮೇಯರ್ ಇರುವ ಒಟ್ಟು ಸಂಸ್ಥೆಗಳಿಗೆ ಒಂದು ಅಧಿಕಾರ ಕೊಟ್ಟಿತು: ರೂಟು, ದರ, ಟೈಮು ನೀವೇ ತೀರ್ಮಾನಿಸಿ, ಓಡಿಸಲು ಕಂಪನಿಗಳಿಗೆ ಗುತ್ತಿಗೆ ಕೊಡಿ. 2021ರ ಮಾರ್ಚ್‌ನಲ್ಲಿ ಮೇಯರ್ ಹೂಂ ಅಂದರು. ಎರಡು ಬಸ್ ಕಂಪನಿಗಳು ಕೋರ್ಟಿಗೆ ಹೋದವು. 2022ರಲ್ಲಿ ತೀರ್ಪು ಮೇಯರ್ ಕಡೆ ಬಂತು. 2023ರ ಸೆಪ್ಟೆಂಬರ್ 24ರಂದು ಹೀಗೆ ಮೇಯರ್ ಹಿಡಿತಕ್ಕೆ ಬಂದ ಹಳದಿ ಬಸ್ ಮೊದಲು ಓಡಿದ್ದು ನಿಮ್ಮ ಬೋಲ್ಟನ್ ಮತ್ತು ವಿಗನ್ ಭಾಗದಲ್ಲಿ. 2025ರ ಜನವರಿ 5ಕ್ಕೆ ಹತ್ತೂ ಊರು ಮುಗಿಯಿತು. ಸುಮಾರು ನಲವತ್ತು ವರ್ಷದ ಹಿಂದೆ ಹೋದದ್ದು ವಾಪಸ್ ಬಂತು. ಬಸ್ ಮೇಲಿನ ಜೇನುನೊಣ ನೋಡಿರಬೇಕಲ್ಲ, ಅದು ಮ್ಯಾಂಚೆಸ್ಟರ್‌ನ ಹಳೆಯ ಗುರುತು, ದುಡಿಯುವ ನೊಣ. ಈಗ ಬಸ್‌ಗೂ ಟ್ರಾಮ್‌ಗೂ ಒಂದೇ ಕಾರ್ಡ್ ತಾಗಿಸಿ ಹೋಗುತ್ತೀರಿ. ಮಳೆಯಲ್ಲಿ ನಿಂತು ಮೂರು ಬಸ್ ಬಿಟ್ಟವರಿಗೆ ಅದರ ಬೆಲೆ ಗೊತ್ತು.

ಹಾಗಂತ ಎಲ್ಲ ಸಲೀಸಾಗಿದೆ ಅಂದುಕೊಳ್ಳಬೇಡಿ. ಮುಂದಿನ ವರ್ಷಗಳಲ್ಲಿ ಮನೆ ಎಲ್ಲಿ ಕಟ್ಟಬೇಕು, ಎಷ್ಟು ಕಟ್ಟಬೇಕು ಅನ್ನುವ ಒಟ್ಟು ಯೋಜನೆಗೆ ಹತ್ತೂ ಕೌನ್ಸಿಲ್ ಒಪ್ಪಬೇಕಿತ್ತು. ಊರಿನ ಸುತ್ತಲಿನ ಹಸಿರು ಪಟ್ಟಿ ಮುಟ್ಟಬೇಕಾಗುತ್ತದೆ ಅಂತ ಸ್ಟಾಕ್‌ಪೋರ್ಟ್ 2020ರ ಡಿಸೆಂಬರ್‌ನಲ್ಲಿ ಹಿಂದೆ ಸರಿಯಿತು. ಉಳಿದ ಒಂಬತ್ತು ಸೇರಿ ಮುಗಿಸುವಷ್ಟರಲ್ಲಿ 2024ರ ಮಾರ್ಚ್ ಆಯಿತು. ಸೇರುವುದರ ಬೆಲೆ ಇದು. ಒಬ್ಬರು ಬೇಡ ಅಂದರೆ ಎಲ್ಲರೂ ಕಾಯಬೇಕು.

ಇನ್ನೊಂದು, ಜುಟ್ಟು ಇನ್ನೂ ಲಂಡನ್ ಕೈಯಲ್ಲೇ ಇದೆ. 2020ರ ಅಕ್ಟೋಬರ್ 20 ನನಗೆ ಮರೆಯುವುದಿಲ್ಲ. ಕೋವಿಡ್ ಕಾಲ. ಪಬ್, ಬಾರ್ ಮುಚ್ಚಿಸುವುದಾದರೆ ಅಲ್ಲಿ ದುಡಿಯುವವರಿಗೆ ಕನಿಷ್ಠ 6.5 ಕೋಟಿ ಪೌಂಡ್ ಪರಿಹಾರ ಕೊಡಿ ಅಂತ ಮೇಯರ್ ಮತ್ತು ನಾಯಕರು ಕೇಳಿದರು, ಸರ್ಕಾರ 6 ಕೋಟಿ ಅಂದಿತು, ಮಾತು ಮುರಿಯಿತು. ಮ್ಯಾಂಚೆಸ್ಟರ್‌ನ ಬ್ರಿಜ್‌ವಾಟರ್ ಹಾಲ್ ಮುಂದೆ ಬರ್ನಮ್ ಪತ್ರಕರ್ತರ ಜೊತೆ ಮಾತಾಡುತ್ತಿರುವಾಗಲೇ ಪಕ್ಕದಲ್ಲಿದ್ದವರು ಒಂದು ಫೋನ್ ತೋರಿಸಿದರು. ಸರ್ಕಾರ ನಿರ್ಬಂಧ ಹೇರುತ್ತಿದೆ, 2.2 ಕೋಟಿ ಪೌಂಡ್ ಮಾತ್ರ ಅನ್ನುವ ಸುದ್ದಿ. 28 ಲಕ್ಷ ಜನರಿರುವ ಪ್ರದೇಶದ ಮೇಯರ್‌ಗೆ ತನ್ನ ಊರಿನ ವಿಷಯ ಬೀದಿಯಲ್ಲಿ, ಬೇರೆಯವರ ಫೋನಿನಲ್ಲಿ ತಿಳಿಯಿತು. ಕ್ಯಾಮೆರಾ ಎದುರು ಅವರ ಮುಖ ನೋಡಿದವರಿಗೆ ಇಂಗ್ಲೆಂಡಿನಲ್ಲಿ ಅಧಿಕಾರ ಎಲ್ಲಿದೆ ಅಂತ ಬೇರೆ ಪಾಠ ಬೇಕಾಗಲಿಲ್ಲ.

ದುಡ್ಡಿನ ಕಥೆಯೂ ಹಾಗೇ. ಆದಾಯ ತೆರಿಗೆ, ವ್ಯಾಟ್ ಎಲ್ಲ ಲಂಡನ್‌ಗೆ ಹೋಗುತ್ತದೆ. ಮೇಯರ್ ತಾವಾಗಿ ಹಾಕಬಹುದಾದ ತೆರಿಗೆ ಅಂದರೆ ನಿಮ್ಮ ಬಿಲ್ಲಿನ ಆ ಎರಡು ಸಾಲು, ಅಷ್ಟೇ ಅನ್ನಬಹುದು. ಉಳಿದದ್ದು ಲಂಡನ್‌ನಿಂದ ಬರಬೇಕು. ಅದೂ ತುಂಡುತುಂಡಾಗಿ ಬರುತ್ತಿತ್ತು. ಇಷ್ಟು ಸೈಕಲ್ ದಾರಿಗೆ, ಇಷ್ಟು ಬಸ್ ನಿಲ್ದಾಣಕ್ಕೆ, ಇದಕ್ಕೆ ಅರ್ಜಿ, ಅದಕ್ಕೆ ಇನ್ನೊಂದು ಅರ್ಜಿ, ಒಂದರಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. 2023ರ ಹೊಸ ಒಪ್ಪಂದದ ಫಲವಾಗಿ 2025ರ ಏಪ್ರಿಲ್‌ನಿಂದ ಸಾರಿಗೆ, ವಸತಿ, ತರಬೇತಿ ಇವಕ್ಕೆಲ್ಲ ಸೇರಿ ಒಂದೇ ಗಂಟು ಬರುತ್ತಿದೆ. ನನ್ನ ಲೆಕ್ಕದಲ್ಲಿ ಮೇಯರ್ ಸ್ಥಾನಕ್ಕಿಂತ ದೊಡ್ಡ ಬದಲಾವಣೆ ಇದು. ಸುದ್ದಿಯಲ್ಲಿ ಮಾತ್ರ ಇದಕ್ಕೆ ಜಾಗ ಕಮ್ಮಿ.

ಬೇರೆ ಕಡೆ ಏನಾಯಿತು ನೋಡಿದರೆ ಆ ಕಾಲು ಶತಮಾನದ ಮಹತ್ವ ಗೊತ್ತಾಗುತ್ತದೆ. ಈಶಾನ್ಯ ಇಂಗ್ಲೆಂಡಿನಲ್ಲಿ ಏಳು ಕೌನ್ಸಿಲ್ ಸೇರಿ ಇಂಥದ್ದೇ ಒಪ್ಪಂದಕ್ಕೆ ಹೊರಟವು. 2016ರಲ್ಲಿ ಟೈನ್ ನದಿಯ ದಕ್ಷಿಣದ ನಾಲ್ಕು ಬೇಡ ಅಂದವು. ಉತ್ತರದ ಮೂರು ಬೇರೆಯಾದವು. ನ್ಯೂಕ್ಯಾಸಲ್ ಒಂದು ದಡ, ಗೇಟ್ಸ್‌ಹೆಡ್ ಎದುರು ದಡ, ನಡುವೆ ಸೇತುವೆಗಳು, ಎರಡೂ ಕಡೆ ಓಡುವುದು ಒಂದೇ ಮೆಟ್ರೊ. ಆದರೂ ಮೇಯರ್ ಇದ್ದದ್ದು ಒಂದೇ ದಡಕ್ಕೆ. ಏಳೂ ಮತ್ತೆ ಸೇರಿದ್ದು 2024ರಲ್ಲಿ. ಎಂಟು ವರ್ಷ ಸುಮ್ನೆ ಹೋಯಿತು. ದಕ್ಷಿಣ ಯಾರ್ಕ್‌ಷೈರ್‌ನದ್ದು ಇನ್ನೂ ಕಷ್ಟ. 2018ರಲ್ಲಿ ಡ್ಯಾನ್ ಜಾರ್ವಿಸ್ ಮೇಯರ್ ಆಗಿ ಗೆದ್ದರು. ಆದರೆ ಅಲ್ಲಿನ ನಾಲ್ಕು ಕೌನ್ಸಿಲ್‌ಗಳಲ್ಲಿ ಎರಡಕ್ಕೆ ಇಡೀ ಯಾರ್ಕ್‌ಷೈರ್ ಒಂದಾಗಬೇಕು ಅನ್ನುವ ಆಸೆ, ಒಪ್ಪಂದಕ್ಕೆ ಸಹಿ ಬೀಳಲಿಲ್ಲ. ಎರಡು ವರ್ಷ ಹೆಚ್ಚುಕಮ್ಮಿ ಅಧಿಕಾರವೇ ಇಲ್ಲದ ಮೇಯರ್.

2024ರ ಡಿಸೆಂಬರ್‌ನಲ್ಲಿ ಲೇಬರ್ ಸರ್ಕಾರ ಇಡೀ ಇಂಗ್ಲೆಂಡಿಗೆ ಇದೇ ಮಾದರಿ ತರುತ್ತೇವೆ ಅಂತ ಶ್ವೇತಪತ್ರ ಹೊರಡಿಸಿದೆ. ನನಗೆ ಇದರಲ್ಲಿ ಆಸೆಯೂ ಇದೆ, ಆತಂಕವೂ ಇದೆ. ಅಧಿಕಾರ ಊರಿಗೆ ಹತ್ತಿರ ಬರಲಿ ಅನ್ನುವುದು ಸರಿ. ಆದರೆ ಒಟ್ಟಿಗೆ ಕೂತು ಕೆಲಸ ಮಾಡಿಯೇ ಗೊತ್ತಿಲ್ಲದ ಕೌನ್ಸಿಲ್‌ಗಳನ್ನು ಮೇಲಿನಿಂದ ಜೋಡಿಸಿ ಮೇಯರ್ ಕೂರಿಸಿದರೆ ಮೊದಲ ಜಗಳಕ್ಕೇ ನಿಂತುಹೋಗುತ್ತದೆ. ಅವಸರ ಮಾಡದೆ, ಮೊದಲು ಜೊತೆಗೆ ಮಾಡುವ ಒಂದು ಕೆಲಸ ಕೊಡಬೇಕು.

ನಮ್ಮೂರಿನ ಪ್ರಶ್ನೆ. ಅಲ್ಲಿ ಕೇಳಬೇಕಾದದ್ದು ದಿಲ್ಲಿಯನ್ನಲ್ಲ, ವಿಧಾನಸೌಧವನ್ನು. ನಮ್ಮಲ್ಲಿ ನಗರಪಾಲಿಕೆ, ಪಂಚಾಯಿತಿ ರಾಜ್ಯದ ವಿಷಯ. ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ 18 ಕೆಲಸಗಳ ಪಟ್ಟಿ ಕೊಟ್ಟಿದೆ, ಇಂಗ್ಲೆಂಡಿನಲ್ಲಿ ಇಲ್ಲದ ರಕ್ಷಣೆ ಅದು. ಆದರೆ ಯಾವ ಕೆಲಸ ಎಷ್ಟು ಬಿಟ್ಟುಕೊಡಬೇಕು ಅನ್ನುವುದನ್ನು ರಾಜ್ಯಕ್ಕೇ ಬಿಟ್ಟಿದೆ. ನಮ್ಮ ಮೇಯರ್‌ಗಳನ್ನು ಕಾರ್ಪೊರೇಟರ್‌ಗಳು ಆರಿಸುತ್ತಾರೆ, ಬೆಂಗಳೂರು ಬಿಟ್ಟರೆ ಅವಧಿ ಒಂದು ವರ್ಷ, ಫೈಲ್ ಇರುವುದು ರಾಜ್ಯ ಕಳಿಸಿದ ಆಯುಕ್ತರ ಹತ್ತಿರ. ಒಂದು ವರ್ಷದಲ್ಲಿ ಯಾರ ಜೊತೆ ಏನು ಚೌಕಾಶಿ ಮಾಡಲು ಆಗುತ್ತದೆ ಹೇಳಿ. ಬೆಂಗಳೂರಿನಲ್ಲಿ 2025ರಲ್ಲಿ ಐದು ಪಾಲಿಕೆ, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ದೂರದಿಂದ ನೋಡಿದರೆ ಮ್ಯಾಂಚೆಸ್ಟರ್ ಥರವೇ ಕಾಣುತ್ತದೆ. ಆದರೆ ಅಲ್ಲಿ ಒಂದನ್ನು ಐದು ಮಾಡಿದರು, ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿ. ಮ್ಯಾಂಚೆಸ್ಟರ್ ಮೇಜಿನ ತುದಿಯಲ್ಲಿ ಪ್ರಧಾನಿ ಕೂತರೆ ಹೇಗೋ ಹಾಗೆ. ಮಂಗಳೂರು ಉಡುಪಿಯಂಥ ಊರುಗಳು ಬಸ್ಸೋ ಕಸವೋ ನೀರೋ ಒಂದು ಕೆಲಸವನ್ನು ಹತ್ತು ವರ್ಷ ಜೊತೆಯಲ್ಲಿ ಮಾಡಿ ತೋರಿಸಿದರೆ ಆಗ ಕೇಳುವ ದನಿಗೆ ತೂಕ ಬರುತ್ತದೆ ಅಂತ ನಾನು ನಂಬಿದ್ದೇನೆ.

ಕೊನೆಗೆ ನಿಮ್ಮ ಮನೆಯ ವಿಷಯ. ಬಹಳ ಜನ ಕನ್ನಡಿಗರಿಗೆ ಗೊತ್ತೇ ಇಲ್ಲ: ಬ್ರಿಟನ್‌ನಲ್ಲಿ ಇರಲು ವೀಸಾ ಅನುಮತಿ ಇರುವ, 18 ತುಂಬಿದ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿ ಓಟು ಹಾಕಬಹುದು. ಕೌನ್ಸಿಲ್‌ಗೂ, ಮೇಯರ್‌ಗೂ, ಪಾರ್ಲಿಮೆಂಟಿಗೂ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಮತಗಟ್ಟೆಗೆ ನಿಮ್ಮ ಭಾರತದ ಪಾಸ್‌ಪೋರ್ಟನ್ನೇ ಗುರುತಿಗೆ ತಗೊಂಡು ಹೋದರೆ ನಡೆಯುತ್ತದೆ. ಮನೆಯವರನ್ನೂ ನೋಂದಾಯಿಸಿ. ಇನ್ನು ದೂರು ಇದ್ದರೆ, ರಸ್ತೆ ಗುಂಡಿ, ಕಸದ ಡಬ್ಬಿ ಬೋಲ್ಟನ್ ಕೌನ್ಸಿಲ್‌ಗೆ. ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಬಸ್ ಇಲ್ಲ ಅಂದರೆ ಅದು ಮೇಯರ್ ಕಡೆಗೆ, ರೂಟ್ ನಂಬರ್, ಸ್ಟಾಪ್, ಸಮಯ ಬರೆದು ಕಳಿಸಿ. ಅದರ ಒಂದು ಪ್ರತಿ ನಿಮ್ಮ ವಾರ್ಡಿನ ಕೌನ್ಸಿಲರ್‌ಗೂ ಹಾಕಿ. ಹತ್ತು ನಾಯಕರ ಮೇಜಿನಲ್ಲಿ ಬೋಲ್ಟನ್‌ನ ಕುರ್ಚಿಯಲ್ಲಿ ಕೂರುವವರು ಅವರ ಮಾತು ಕೇಳಬೇಕಾಗುತ್ತದೆ.